ಮೂರು ಪೇಟೆಗಳ ಸರ್ಕಾರಿ ಜಾಲತಾಣಗಳು: ವಿಷಯ ನಿರ್ವಹಣೆಯ ಒಂದು ವಿಮರ್ಶೆ

ಸಂಸ್ಥೆಯೊಂದು ತನ್ನ ಜಾಲತಾಣಕ್ಕೆ ಬೇಕಾದ ಬರಹ, ಚಿತ್ರ, ಆದೇಶ, ಅರ್ಜಿ ನಮೂನೆಗಳನ್ನು ಸಿದ್ಧಪಡಿಸಿ, ತಿದ್ದಿ, ಒಪ್ಪಿಗೆ ಪಡೆದು, ಪ್ರಕಟಿಸಿ, ಹಳತಾದ ಮೇಲೆ ತೆಗೆದಿಡುವ ಒಟ್ಟು ಕೆಲಸವೇ ವಿಷಯ ನಿರ್ವಹಣೆ. ಇದಕ್ಕಿರುವ ತಂತ್ರಾಂಶ ಬರಹವನ್ನು ದತ್ತಸಂಚಯದಲ್ಲಿ, ಪುಟದ ವಿನ್ಯಾಸವನ್ನು ಟೆಂಪ್ಲೇಟಿನಲ್ಲಿ ಬೇರೆ ಬೇರೆಯಾಗಿ ಇಡುತ್ತದೆ. ಬರೆಯುವವರು ಯಾರು, ಪರಿಶೀಲಿಸುವವರು ಯಾರು, ಪ್ರಕಟಿಸುವ ಅಧಿಕಾರ ಯಾರದ್ದು ಎಂಬುದನ್ನೂ ಅದೇ ನಿಗದಿ ಮಾಡುತ್ತದೆ. 2001ರಲ್ಲಿ ಬಂದ ಡ್ರೂಪಲ್, 2003ರಲ್ಲಿ ಬಂದ ವರ್ಡ್‌ಪ್ರೆಸ್‌ನಂಥ ಮುಕ್ತ ತಂತ್ರಾಂಶಗಳು ಈ ಕೆಲಸವನ್ನು ಪ್ರೋಗ್ರಾಮರುಗಳ ಕೈಯಿಂದ ಕಚೇರಿ ಸಿಬ್ಬಂದಿಯ ಕೈಗೆ ತಂದವು. ದೊಡ್ಡ ಕಂಪನಿಗಳಲ್ಲಿ, ಸರ್ಕಾರಗಳಲ್ಲಿ ಒಂದೇ ತಂತ್ರಾಂಶದ ಮೇಲೆ ನೂರಾರು ತಾಣಗಳು ನಡೆಯುತ್ತವೆ. ಭದ್ರತೆಯ ದೋಷವನ್ನು ಒಂದು ಕಡೆ ಸರಿಪಡಿಸಿದರೆ ಎಲ್ಲ ಕಡೆಯೂ ಸರಿಯಾಗುತ್ತದೆ.

ದಕ್ಷಿಣ ಕನ್ನಡದ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳು ಈ ವ್ಯವಸ್ಥೆಯ ಕೆಳತುದಿಯಲ್ಲಿರುವ ಊರುಗಳು. ಬಂಟ್ವಾಳ ಮತ್ತು ಮೂಡುಬಿದಿರೆಗೆ ಪುರಸಭೆ, ಬೆಳ್ತಂಗಡಿಗೆ ಪಟ್ಟಣ ಪಂಚಾಯತ್ ಇದೆ. ರಾಜ್ಯದ ನಗರ ಸ್ಥಳೀಯ ಸಂಸ್ಥೆಗಳಿಗೆ ಪೌರಾಡಳಿತ ನಿರ್ದೇಶನಾಲಯದ ಮುನಿಸಿಪಲ್ ರಿಫಾರ್ಮ್ಸ್ ಸೆಲ್ ಒಂದೇ ಅಚ್ಚಿನ ತಾಣಗಳನ್ನು ಒದಗಿಸಿದೆ. ಜಿಲ್ಲಾಡಳಿತದ ತಾಣ ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ, ಅಂದರೆ ಎನ್‌ಐಸಿ, ರೂಪಿಸಿದ ಎಸ್3ವಾಸ್ ಎಂಬ ವೇದಿಕೆಯ ಮೇಲೆ ನಿಂತಿದೆ. ದೇಶದ ಜಿಲ್ಲಾ ತಾಣಗಳು ಒಂದೇ ಕುಟುಂಬದವರಂತೆ ಕಾಣುವುದಕ್ಕೆ ಈ ವೇದಿಕೆಯೇ ಕಾರಣ. ಗ್ರಾಮ ಪಂಚಾಯತ್‌ಗಳಿಗೆ ಪಂಚತಂತ್ರ, ಆಸ್ತಿಗೆ ಇ-ಸ್ವತ್ತು, ಪಹಣಿಗೆ ಭೂಮಿ ಹೀಗೆ ಬೇರೆ ತಂತ್ರಾಂಶಗಳಿವೆ. ಅವು ದಾಖಲೆಗಳ ವ್ಯವಸ್ಥೆಗಳು. ಇಲ್ಲಿ ಪರಿಶೀಲಿಸುತ್ತಿರುವುದು ಎಲ್ಲರೂ ಓದಬೇಕಾದ ಸಾರ್ವಜನಿಕ ಬರಹ ಮಾತ್ರ: ಸೂಚನೆ, ಆದೇಶ, ಟೆಂಡರ್, ಸೌಲಭ್ಯದ ವಿವರ, ನದಿಯ ಮಟ್ಟ, ರಸ್ತೆ ಬಂದ್ ಆದ ಸುದ್ದಿ.

ಈ ತಾಣಗಳ ವೇದಿಕೆ ಚೆನ್ನಾಗಿದೆ, ಅದರೊಳಗೆ ತುಂಬುವ ಬರಹದ ರೂಪ ಚೆನ್ನಾಗಿಲ್ಲ. ಸರ್ವರ್‌ನಿಂದ ಫೋನಿನವರೆಗಿನ ದಾರಿಯನ್ನು ಚುರುಕು ಮಾಡಲು ಹಾಕಿದ ಶ್ರಮದಲ್ಲಿ ಕಾಲು ಭಾಗವನ್ನೂ ಕಡತದಿಂದ ಸರ್ವರ್‌ವರೆಗಿನ ದಾರಿಗೆ ಹಾಕಿಲ್ಲ. ಓದುಗ ಕಾಯುವುದು ಹೆಚ್ಚಾಗಿ ಈ ಎರಡನೆಯ ದಾರಿಯಲ್ಲಿ.

ಮೊದಲು ವೇದಿಕೆಯ ಗುಣ. ಆಪ್ಟಿಕಲ್ ಫೈಬರಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಸಾಗುತ್ತದೆ. ಬಂಟ್ವಾಳದ ಫೋನಿಗೆ ಅಮೆರಿಕದ ಪೂರ್ವ ಕರಾವಳಿಯ ಸರ್ವರ್ ಉತ್ತರ ಕೊಡಬೇಕಾದರೆ ಸುಮಾರು 14,000 ಕಿಲೋಮೀಟರ್ ಹೋಗಿ ಅಷ್ಟೇ ದೂರ ಬರಬೇಕು. ಒಂದು ಸುತ್ತಿಗೆ ಕನಿಷ್ಠ 140 ಮಿಲಿಸೆಕೆಂಡ್. ಸಂಪರ್ಕ ಸ್ಥಾಪಿಸಲು ಒಂದು ಸುತ್ತು, ಸುರಕ್ಷತಾ ಒಪ್ಪಂದಕ್ಕೆ ಇನ್ನೊಂದು, ಪುಟವನ್ನು ಕೇಳಿ ಪಡೆಯಲು ಮತ್ತೊಂದು. ಪರದೆಯ ಮೇಲೆ ಒಂದಕ್ಷರ ಮೂಡುವ ಮೊದಲೇ 420 ಮಿಲಿಸೆಕೆಂಡ್ ಕಳೆದಿರುತ್ತದೆ. ಅದೇ ಪುಟದ ಒಂದು ಪ್ರತಿ ಮುಂಬೈಯಲ್ಲಿದ್ದರೆ ಒಂದು ಸುತ್ತಿನ ಬೆಳಕಿನ ಪ್ರಯಾಣ 10 ಮಿಲಿಸೆಕೆಂಡಿನ ಒಳಗೇ ಮುಗಿಯುತ್ತದೆ. ಓದುಗರಿಗೆ ಹತ್ತಿರದ ಊರುಗಳಲ್ಲಿ ಪ್ರತಿಗಳನ್ನು ಇಟ್ಟು ಹಂಚುವ ಈ ಜಾಲಕ್ಕೆ ಸಿಡಿಎನ್ ಎಂದು ಹೆಸರು. 1998ರಲ್ಲಿ ಆರಂಭವಾದ ಅಕಮಾಯ್ ಕಂಪನಿ ಇದನ್ನು ಉದ್ಯಮವಾಗಿ ಬೆಳೆಸಿತು. ಎಸ್3ವಾಸ್ ವೇದಿಕೆಯಲ್ಲಿ ಚಿತ್ರಗಳೂ ಕಡತಗಳೂ ಪ್ರತ್ಯೇಕವಾದ ಸಿಡಿಎನ್ ವಿಳಾಸದಿಂದಲೇ ಬರುತ್ತವೆ. ಜಿಲ್ಲಾ ತಾಣವೊಂದಕ್ಕೆ ಇಷ್ಟು ಸೌಲಭ್ಯ ತನ್ನಷ್ಟಕ್ಕೆ ಸಿಗುವುದು ಸಣ್ಣ ಮಾತಲ್ಲ. ಹಿಂದೆ ಪ್ರತಿ ಜಿಲ್ಲೆಯೂ ತನ್ನದೇ ತಾಣವನ್ನು ತನಗೆ ತಿಳಿದಂತೆ ಕಟ್ಟಿಕೊಳ್ಳುತ್ತಿದ್ದ ಕಾಲಕ್ಕೆ ಹೋಲಿಸಿದರೆ ಭದ್ರತೆಯಲ್ಲೂ ವೇಗದಲ್ಲೂ ಇದು ದೊಡ್ಡ ಹೆಜ್ಜೆ.

ಆದರೆ ಸಿಡಿಎನ್ ಎಲ್ಲ ಕಾಯಿಲೆಗೂ ಮದ್ದಲ್ಲ. ನಾಡಕಚೇರಿಯಲ್ಲಿ, ನ್ಯಾಯಬೆಲೆ ಅಂಗಡಿಯಲ್ಲಿ, ಉಪನೋಂದಣಿ ಕಚೇರಿಯಲ್ಲಿ ಕೇಳಿಬರುವ "ಸರ್ವರ್ ಡೌನ್" ಬೇರೆ ರೋಗ. ಪಹಣಿ, ಪಡಿತರ ಚೀಟಿ, ನೋಂದಣಿ ಇವೆಲ್ಲ ಒಬ್ಬೊಬ್ಬರಿಗೂ ಬೇರೆಯಾದ ಉತ್ತರ ಕೊಡಬೇಕಾದ ವ್ಯವಸ್ಥೆಗಳು. ಆ ಉತ್ತರವನ್ನು ಮೊದಲೇ ಪ್ರತಿ ಮಾಡಿ ಹತ್ತಿರದಲ್ಲಿ ಇಡಲು ಬರುವುದಿಲ್ಲ, ಪ್ರತಿ ಸಲವೂ ಮೂಲ ದತ್ತಸಂಚಯವನ್ನೇ ಕೇಳಬೇಕು. ಸಾರ್ವಜನಿಕ ಸೂಚನೆ ಹಾಗಲ್ಲ. ಅದು ಎಲ್ಲರಿಗೂ ಒಂದೇ, ಒಮ್ಮೆ ಸಿದ್ಧವಾದರೆ ಲಕ್ಷ ಜನಕ್ಕೆ ಅದೇ ಪ್ರತಿ ಸಾಕು. ಎರಡನ್ನೂ ಒಂದೇ ಸರ್ವರಿನ ಹೆಗಲಿಗೆ ಹಾಕಿದರೆ, ಅರ್ಜಿ ಸಲ್ಲಿಸುವವರ ನೂಕುನುಗ್ಗಲಿನಲ್ಲಿ ಸೂಚನೆ ಓದಲು ಬಂದವರೂ ಹೊರಗೆ ನಿಲ್ಲಬೇಕಾಗುತ್ತದೆ. ಎರಡನ್ನೂ ಬೇರ್ಪಡಿಸಿ ಇಡುವುದು ಒಳ್ಳೆಯ ವಿಷಯ ನಿರ್ವಹಣೆಯ ಮೊದಲ ಲಕ್ಷಣ.

ಈಗ ದುರ್ಬಲ ಭಾಗಕ್ಕೆ ಬರಬೇಕು. ಮಳೆಗಾಲದ ರಜೆಯ ಆದೇಶವನ್ನೇ ತೆಗೆದುಕೊಳ್ಳಬಹುದು. ಜೂನ್‌ನಿಂದ ಆಗಸ್ಟ್‌ವರೆಗೆ ಕರಾವಳಿಯ ಮನೆಗಳಲ್ಲಿ ಇದಕ್ಕಿಂತ ಹೆಚ್ಚು ಕಾತರದಿಂದ ಹುಡುಕುವ ಸರ್ಕಾರಿ ಬರಹ ಬೇರೊಂದಿಲ್ಲ. ಕೆಲವೊಮ್ಮೆ ಇಡೀ ಜಿಲ್ಲೆಗೆ ರಜೆ, ಕೆಲವೊಮ್ಮೆ ಬೆಳ್ತಂಗಡಿಯಂಥ ಘಟ್ಟದ ಬುಡದ ತಾಲೂಕಿಗೆ ಮಾತ್ರ. ಆದೇಶ ಕಂಪ್ಯೂಟರಿನಲ್ಲಿ ಟೈಪ್ ಆಗುತ್ತದೆ, ಮುದ್ರಣವಾಗುತ್ತದೆ, ಸಹಿ ಮತ್ತು ಮೊಹರು ಬೀಳುತ್ತದೆ, ಸ್ಕ್ಯಾನ್ ಆಗುತ್ತದೆ, ಪಿಡಿಎಫ್ ಆಗುತ್ತದೆ. ಅಷ್ಟರಲ್ಲಿ ಅದರ ಫೋಟೋ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಸುತ್ತುತ್ತಿರುತ್ತದೆ. ಮೊದಲು ಅಕ್ಷರವಾಗಿದ್ದದ್ದು ಕೊನೆಗೆ ಚಿತ್ರವಾಗಿ ಜನರ ಕೈ ಸೇರುತ್ತದೆ.

ಇದರ ಬೆಲೆಯನ್ನು ಲೆಕ್ಕ ಹಾಕಿ ನೋಡಬಹುದು. ಅರುವತ್ತು ಪದಗಳ ಕನ್ನಡ ಆದೇಶವನ್ನು ಯುನಿಕೋಡ್ ಅಕ್ಷರಗಳಲ್ಲಿ ಇಟ್ಟರೆ ಅದರ ಗಾತ್ರ ಸುಮಾರು ಒಂದೂವರೆ ಕಿಲೋಬೈಟ್. ಅದೇ ಆದೇಶದ ಎ4 ಹಾಳೆಯನ್ನು ಇಂಚಿಗೆ 200 ಚುಕ್ಕೆಯಂತೆ ಬಣ್ಣದಲ್ಲಿ ಸ್ಕ್ಯಾನ್ ಮಾಡಿದರೆ ಸುಮಾರು 39 ಲಕ್ಷ ಚುಕ್ಕೆಗಳ ಚಿತ್ರ ಬರುತ್ತದೆ. ಎಷ್ಟು ಒತ್ತಿ ಕಿರಿದು ಮಾಡಿದರೂ ಅದು ಕೆಲವು ನೂರು ಕಿಲೋಬೈಟ್ ಇರುತ್ತದೆ. ನೂರಾರು ಪಟ್ಟು ಭಾರ ಹೊತ್ತು ಅದೇ ಅರುವತ್ತು ಪದಗಳು ಬರುತ್ತವೆ. ನಗರದ ಐದನೇ ತಲೆಮಾರಿನ ಸಂಪರ್ಕದಲ್ಲಿ ಈ ವ್ಯತ್ಯಾಸ ಗೊತ್ತಾಗದೆ ಇರಬಹುದು. ಸಿಗ್ನಲ್ ಬಂದು ಹೋಗುವ ಮಲೆಬದಿಯ ಹಳ್ಳಿಗಳಲ್ಲಿ, ಮಳೆಗೆ ಕರೆಂಟು ಹೋಗಿ ಟವರ್ ಬ್ಯಾಟರಿಯ ಮೇಲೆ ನಡೆಯುವ ಬೆಳಗ್ಗೆ, ಓದಲು ಸಿಕ್ಕಿತೇ ಇಲ್ಲವೇ ಎಂಬುದನ್ನು ನಿರ್ಧರಿಸುವುದು ಇದೇ ವ್ಯತ್ಯಾಸ.

ಗಾತ್ರಕ್ಕಿಂತ ದೊಡ್ಡ ನಷ್ಟ ನಂಬಿಕೆಯದ್ದು. ಚಿತ್ರದಲ್ಲಿರುವ ದಿನಾಂಕವನ್ನು ಯಾರು ಬೇಕಾದರೂ ತಿದ್ದಿ ಮತ್ತೆ ಹರಿಯಬಿಡಬಹುದು. ನಕಲಿ ರಜೆ ಆದೇಶಗಳು ಹರಿದಾಡಿ ಅಧಿಕಾರಿಗಳು ಸ್ಪಷ್ಟೀಕರಣ ಕೊಡಬೇಕಾಗಿ ಬಂದ ಸಂದರ್ಭಗಳು ಕರಾವಳಿಗೆ ಹೊಸತಲ್ಲ. ಸರ್ಕಾರಿ ತಾಣದಲ್ಲಿ ದಿನಾಂಕ, ವೇಳೆ, ಅನ್ವಯಿಸುವ ತಾಲೂಕು ಇವೆಲ್ಲ ಅಕ್ಷರಗಳಲ್ಲಿರುವ ಒಂದು ಪುಟ, ಅದಕ್ಕೊಂದು ಶಾಶ್ವತ ವಿಳಾಸ ಇದ್ದರೆ, ಗುಂಪುಗಳಲ್ಲಿ ಹಂಚಿಕೊಳ್ಳಬೇಕಾದದ್ದು ಆ ವಿಳಾಸವನ್ನು ಮಾತ್ರ. ಒತ್ತಿದವರು ಮೂಲಕ್ಕೇ ಹೋಗುತ್ತಾರೆ. ಸ್ಕ್ಯಾನ್ ಪ್ರತಿಯಿಂದ ಇನ್ನೂ ಎರಡು ತೊಂದರೆಗಳಿವೆ. ಹುಡುಕಿದರೆ ಅದು ಸಿಗುವುದಿಲ್ಲ, ಏಕೆಂದರೆ ಅದರಲ್ಲಿ ಹುಡುಕಲು ಅಕ್ಷರವೇ ಇಲ್ಲ. ಕಣ್ಣು ಕಾಣದವರ ಫೋನು ಅದನ್ನು ಓದಿ ಹೇಳುವುದಿಲ್ಲ. ಭಾರತೀಯ ಸರ್ಕಾರಿ ಜಾಲತಾಣಗಳ ಮಾರ್ಗಸೂಚಿ 2009ರಿಂದ ಇದೆ, 2023ರಲ್ಲಿ ಅದರ ಮೂರನೇ ಆವೃತ್ತಿ ಬಂದಿದೆ. ಎಲ್ಲರಿಗೂ ಎಟಕುವಂತಿರಬೇಕು ಎಂಬುದು ಅದರ ಮುಖ್ಯ ಬೇಡಿಕೆಗಳಲ್ಲಿ ಒಂದು. ಎಸ್3ವಾಸ್ ತನ್ನ ಪೂರ್ಣ ಹೆಸರಿನಲ್ಲೇ ಸುಗಮ್ಯ ಎಂದು ಸೇರಿಸಿಕೊಂಡಿದೆ. ವೇದಿಕೆ ಸುಗಮವಾಗಿದ್ದು ಅದರ ಮೇಲೆ ಇಟ್ಟ ಕಾಗದ ಮೂಕವಾಗಿದ್ದರೆ ಆ ಸೇರ್ಪಡೆಯಿಂದ ಓದುಗನಿಗೆ ದಕ್ಕಿದ್ದೇನು?

ಅಕ್ಷರವನ್ನು ಬಿಟ್ಟು ಚಿತ್ರಕ್ಕೆ ಹೋಗುವ ಅಭ್ಯಾಸಕ್ಕೆ ಒಂದು ಇತಿಹಾಸವಿದೆ. ಕರ್ನಾಟಕದ ಕಚೇರಿಗಳು ಬಹುಕಾಲ ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದವು. ಆ ಕಡತ ಬೇರೆ ಯಂತ್ರಕ್ಕೆ ಹೋಗಿ ಅಲ್ಲಿ ಆ ಫಾಂಟ್ ಇಲ್ಲದಿದ್ದರೆ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತಿದ್ದವು. ಓದಲು ಬರಲೇಬೇಕಾದ ಆದೇಶವನ್ನು ಸ್ಕ್ಯಾನ್ ಮಾಡಿ ಕಳಿಸುವುದು ಆಗ ಬುದ್ಧಿವಂತಿಕೆಯ ದಾರಿಯೇ ಆಗಿತ್ತು. ಇಂದು ಆ ಕಾರಣ ಉಳಿದಿಲ್ಲ. ವಿಂಡೋಸ್‌ನಲ್ಲಿ ತುಂಗಾ, ನಿರ್ಮಲಾ ಫಾಂಟುಗಳಿವೆ, ಆಂಡ್ರಾಯ್ಡ್ ಫೋನುಗಳಲ್ಲಿ ನೋಟೋ ಕನ್ನಡ ಇದೆ. ನುಡಿಯಲ್ಲೂ ಯುನಿಕೋಡ್ ಕೀಲಿಮಣೆ ಇದೆ. ಕಾರಣ ಹೋಗಿ ಅಭ್ಯಾಸ ಮಾತ್ರ ಉಳಿದಿದೆ.

ಕನ್ನಡ ಪುಟ ಭಾರ, ಇಂಗ್ಲಿಷ್ ಪುಟ ಹಗುರ ಎಂಬ ತಪ್ಪು ತಿಳಿವಳಿಕೆಯೂ ತಂತ್ರಜ್ಞರ ನಡುವೆ ಇದೆ. ಯುಟಿಎಫ್-8 ಕ್ರಮದಲ್ಲಿ ಇಂಗ್ಲಿಷಿನ ಒಂದಕ್ಷರಕ್ಕೆ ಒಂದು ಬೈಟ್, ಕನ್ನಡದ ಪ್ರತಿ ಸಂಕೇತಕ್ಕೆ ಮೂರು ಬೈಟ್ ಬೇಕು ಎಂಬುದು ನಿಜ. ಆದರೆ ಆ ಮೂರರಲ್ಲಿ ಮೊದಲನೆಯದು ಕನ್ನಡದ ಎಲ್ಲ ಸಂಕೇತಗಳಿಗೂ ಒಂದೇ, ಎರಡನೆಯದರಲ್ಲಿ ಇರುವುದು ಎರಡೇ ಬಗೆ. ಹೀಗೆ ಮರುಕಳಿಸುವುದನ್ನು ಗುರುತಿಸಿ ಸಂಕುಚಿಸುವುದರಲ್ಲೇ ಜಿಜಿಪ್, ಬ್ರಾಟ್ಲಿಯಂಥ ವಿಧಾನಗಳ ಜಾಣ್ಮೆ ಇರುವುದು. ಸರ್ವರಿನಲ್ಲಿ ಅವನ್ನು ಚಾಲೂ ಮಾಡಿದರೆ ಮೂರು ಬೈಟಿನ ಹೊರೆಯ ಬಹುಪಾಲು ಕರಗುತ್ತದೆ. ಕನ್ನಡ ಪುಟವನ್ನು ನಿಜವಾಗಿ ಭಾರ ಮಾಡುವುದು ಅಲಂಕಾರಕ್ಕೆಂದು ಕಳಿಸುವ ಫಾಂಟ್ ಕಡತ. ಒತ್ತಕ್ಷರ, ಗುಣಿತಾಕ್ಷರಗಳ ರೂಪಗಳೆಲ್ಲ ಸೇರಿ ಕನ್ನಡ ಫಾಂಟಿನಲ್ಲಿ ನೂರಾರು ಆಕೃತಿಗಳಿರುತ್ತವೆ, ಇಂಗ್ಲಿಷಿನಂತೆ ನಾಲ್ಕು ಅಕ್ಷರ ಕತ್ತರಿಸಿ ತೆಗೆದು ಹಗುರ ಮಾಡುವುದು ಸುಲಭವಲ್ಲ. ಫೋನಿನಲ್ಲೇ ಒಳ್ಳೆಯ ಕನ್ನಡ ಫಾಂಟ್ ಇರುವಾಗ ಪುರಸಭೆಯ ತಾಣ ಅದನ್ನೇ ಬಳಸಿಕೊಳ್ಳುವುದು ಸರಿಯಾದ ಆಯ್ಕೆ. ಬೇರೆ ಫಾಂಟ್ ಬೇಕೇ ಬೇಕೆಂದರೆ, ಅದು ಬರುವವರೆಗೆ ಓದುಗನನ್ನು ಬಿಳಿ ಪರದೆಯ ಮುಂದೆ ಕೂರಿಸದೆ, ಫೋನಿನಲ್ಲಿರುವ ಫಾಂಟಿನಲ್ಲೇ ಅಕ್ಷರ ತೋರಿಸಬೇಕು. ಮುಖ್ಯ ಭಾಗ ಎರಡೂವರೆ ಸೆಕೆಂಡಿನೊಳಗೆ ಕಾಣಬೇಕು ಎಂದು ಗೂಗಲ್ ಹೇಳುವ ಅಳತೆಯನ್ನು ಹಗುರವಾದ ಕನ್ನಡ ಪುಟ ಸಾಮಾನ್ಯ ಫೋನಿನಲ್ಲೂ ಮುಟ್ಟಬಲ್ಲದು.

ಪ್ರತಿ ಮಾಡಿಟ್ಟು ಹಂಚುವ ವಿಧಾನಕ್ಕೆ ತನ್ನದೇ ಅಪಾಯವಿದೆ, ಅದು ಹಳಸು ಪ್ರತಿ. ಬಂಟ್ವಾಳದಲ್ಲಿ ನೇತ್ರಾವತಿಯ ಅಪಾಯದ ಮಟ್ಟ 8.5 ಮೀಟರ್. 1923 ಮತ್ತು 1974ರ ನೆರೆಗಳನ್ನು ಊರು ಇನ್ನೂ ನೆನೆಯುತ್ತದೆ. ಪಾಣೆಮಂಗಳೂರಿನ ತಗ್ಗಿನ ಮನೆಯವರಿಗೆ ಮಳೆಗಾಲದ ರಾತ್ರಿ ಬೇಕಾದದ್ದು ಒಂದೇ ಒಂದು ಸಂಖ್ಯೆ: ಈಗ ನೀರು ಎಷ್ಟಿದೆ? ಹತ್ತಿರದ ಸಿಡಿಎನ್ ಕೇಂದ್ರದಲ್ಲಿ ಮೂರು ಗಂಟೆ ಹಿಂದಿನ ಪ್ರತಿ ಕುಳಿತಿದ್ದರೆ ಅದು ವೇಗವಾಗಿ ಬಂದ ತಪ್ಪು ಮಾಹಿತಿ. ಬೆಳ್ತಂಗಡಿ ಕಡೆಯ ಉದಾಹರಣೆ ಚಾರ್ಮಾಡಿ ಘಾಟಿ. 2019ರ ಆಗಸ್ಟ್ ಮಳೆಗೆ ಅದು ಹಲವೆಡೆ ಕುಸಿದು ಸಂಚಾರ ನಿಂತಿತು. ಮುಂದೆ ಲಘು ವಾಹನಗಳಿಗೆ ಮೊದಲು, ಘನ ವಾಹನಗಳಿಗೆ ಆಮೇಲೆ ಎಂದು ಹಂತಹಂತವಾಗಿ ತೆರೆಯಿತು. ಇಂಥ ಹಂತಗಳಲ್ಲಿ ಹಳೆಯ ಆದೇಶವನ್ನು ಹೊಸದೆಂದು ನಂಬಿದವರು ಉಜಿರೆಯಿಂದ ಕೊಟ್ಟಿಗೆಹಾರದ ದಾರಿ ಹಿಡಿದು ಅರ್ಧದಲ್ಲಿ ತಿರುಗಬೇಕಾಗುತ್ತದೆ.

ಇದಕ್ಕೆ ತಾಂತ್ರಿಕ ಪರಿಹಾರ ಹೊಸದೇನಲ್ಲ. ಪುಟದ ಬಗೆಗೆ ತಕ್ಕಂತೆ ಪ್ರತಿಯ ಆಯುಷ್ಯ ನಿಗದಿ ಮಾಡಬೇಕು. ಪುರಸಭೆಯ ಇತಿಹಾಸದ ಪುಟ ತಿಂಗಳುಗಟ್ಟಲೆ ಇರಲಿ, ನದಿಯ ಮಟ್ಟದ ಪುಟಕ್ಕೆ ಐದು ನಿಮಿಷ ಸಾಕು. ತುರ್ತು ಸೂಚನೆ ಪ್ರಕಟಿಸಿದ ಗಳಿಗೆಯಲ್ಲೇ ವಿಷಯ ನಿರ್ವಹಣಾ ತಂತ್ರಾಂಶ ತಾನಾಗಿ ಎಲ್ಲ ಕೇಂದ್ರಗಳ ಹಳೆಯ ಪ್ರತಿಯನ್ನು ಅಳಿಸಬೇಕು. ಮೂಲ ಸರ್ವರ್ ಕೈಕೊಟ್ಟರೆ ಹಳೆಯ ಪ್ರತಿಯನ್ನೇ ತೋರಿಸುವುದು ಖಾಲಿ ಪುಟಕ್ಕಿಂತ ಮೇಲು, ಆದರೆ ಅದು ಎಷ್ಟು ಗಂಟೆಯ ಪ್ರತಿ ಎಂದು ದೊಡ್ಡ ಅಕ್ಷರದಲ್ಲಿ ಹೇಳಬೇಕು. ಸರ್ಕಾರಿ ತಾಣಗಳ ಅಡಿಯಲ್ಲಿ "ಕೊನೆಯ ಪರಿಷ್ಕರಣೆ" ಎಂದು ಕಾಣುವ ದಿನಾಂಕ ಇಡೀ ತಾಣದ್ದು. ಎಲ್ಲೋ ಒಂದು ಟೆಂಡರ್ ಸೇರಿಸಿದರೂ ಅದು ಬದಲಾಗುತ್ತದೆ. ಓದುತ್ತಿರುವ ಸೂಚನೆ ಯಾವಾಗಿನದು ಎಂಬ ಪ್ರಶ್ನೆಗೆ ಅದು ಉತ್ತರ ಕೊಡುವುದಿಲ್ಲ. ಪ್ರತಿ ಸೂಚನೆಯ ನೆತ್ತಿಯ ಮೇಲೆ ಅದರದೇ ದಿನಾಂಕ, ವೇಳೆ, ಮುಕ್ತಾಯದ ಅವಧಿ ಇರಬೇಕು. ಅವಧಿ ಮುಗಿದದ್ದು ತಾನಾಗಿ ಹಳೆಯ ಸೂಚನೆಗಳ ಸಾಲಿಗೆ ಸೇರಬೇಕು.

ಮೂಡುಬಿದಿರೆಯ ಸಮಸ್ಯೆ ಬೇರೆ ಬಗೆಯದು. ಅಲ್ಲಿ ಜಗತ್ತಿಗೆ ತೋರಿಸಬೇಕಾದದ್ದು ಚಿತ್ರವೇ. 1430ರಲ್ಲಿ ಕಟ್ಟಿಸಿದ ಸಾವಿರ ಕಂಬದ ಬಸದಿ ಸೇರಿ ಹದಿನೆಂಟು ಬಸದಿಗಳಿರುವ ಊರದು. ಕಂಬದಿಂದ ಕಂಬಕ್ಕೆ ಕೆತ್ತನೆ ಬೇರೆಯಾಗುವ ಬಸದಿಯನ್ನು ಸಣ್ಣ ಮಸುಕು ಚಿತ್ರದಲ್ಲಿ ತೋರಿಸಿದರೆ ತೋರಿಸಿದಂತಾಗುವುದಿಲ್ಲ. ಕ್ಯಾಮೆರಾದಿಂದ ತೆಗೆದ 8 ಮೆಗಾಬೈಟಿನ ಚಿತ್ರವನ್ನು ಹಾಗೆಯೇ ಮುಖಪುಟಕ್ಕೆ ಹಾಕಿದರೆ ಫೋನಿನವರು ಕಾಯದೆ ಹೊರಟುಹೋಗುತ್ತಾರೆ. ಒಂದೇ ಮೂಲಚಿತ್ರದಿಂದ ಐದಾರು ಅಳತೆಯ ಪ್ರತಿಗಳನ್ನು ತಾನಾಗಿ ತಯಾರಿಸಿ, ಪರದೆಗೆ ತಕ್ಕದ್ದನ್ನು ವೆಬ್‌ಪಿ ಅಥವಾ ಎವಿಫ್ ರೂಪದಲ್ಲಿ ಕಳಿಸುವುದು ಇಂದಿನ ತಂತ್ರಾಂಶಗಳಿಗೆ ಸಾಮಾನ್ಯ ಕೆಲಸ. ಊರಿನಲ್ಲಿರುವ ತಾಳೆಗರಿ ಗ್ರಂಥಗಳ ಚಿತ್ರಗಳಿಗೆ ಇನ್ನೂ ಸೂಕ್ಷ್ಮವಾದ ವಿಧಾನ ಬೇಕು. ದೊಡ್ಡ ಚಿತ್ರವನ್ನು ಸಣ್ಣ ಚೌಕಗಳಾಗಿ ಕತ್ತರಿಸಿಟ್ಟು, ಓದುಗ ಹಿಗ್ಗಿಸಿದ ಭಾಗದ ಚೌಕಗಳನ್ನು ಮಾತ್ರ ಕಳಿಸುವ ಐಐಐಎಫ್ ಎಂಬ ಮುಕ್ತ ಮಾನದಂಡವನ್ನು ಜಗತ್ತಿನ ದೊಡ್ಡ ಗ್ರಂಥಾಲಯಗಳು ಬಳಸುತ್ತವೆ. ಜೈನ ಗ್ರಂಥ ಷಟ್ಖಂಡಾಗಮದ ಧವಲಾ ಟೀಕೆಯ ತಾಳೆಗರಿಗಳು ಶತಮಾನಗಳ ಕಾಲ ಮೂಡುಬಿದಿರೆಯಲ್ಲಿ ಮಾತ್ರ ಉಳಿದಿದ್ದವು. ಅವುಗಳಿಂದ ಪ್ರತಿ ತೆಗೆದು, ಹೀರಾಲಾಲ್ ಜೈನ್ ಅವರ ಸಂಪಾದನೆಯಲ್ಲಿ ಮೊದಲ ಸಂಪುಟ ಅಚ್ಚಾಗಿ ಬಂದದ್ದು 1939ರಲ್ಲಿ. ಒಂದೇ ಕಡೆ ಇದ್ದ ಓದು ಎಲ್ಲ ಕಡೆ ತಲುಪಲು ಎಷ್ಟು ಜನರ ಎಷ್ಟು ವರ್ಷಗಳ ದುಡಿಮೆ ಬೇಕಾಯಿತು ಎಂಬುದನ್ನು ಬಲ್ಲ ಊರಿಗೆ ಹಂಚಿಕೆಯ ಮಹತ್ವವನ್ನು ಬಿಡಿಸಿ ಹೇಳಬೇಕಾಗಿಲ್ಲ.

ದುಬಾರಿ ತಂತ್ರಾಂಶ ಕೊಂಡರೆ ಇದೆಲ್ಲ ಸರಿಯಾಗುತ್ತದೆ ಎಂಬ ನಂಬಿಕೆ ಸರಿಯಲ್ಲ. ಅಡೋಬಿ, ಸೈಟ್‌ಕೋರ್‌ನಂಥ ಕಂಪನಿಗಳ ಉತ್ಪನ್ನಗಳು ಬಹುರಾಷ್ಟ್ರೀಯ ವ್ಯಾಪಾರಕ್ಕೆಂದು ಕಟ್ಟಿದವು. ಗಿರಾಕಿಗೊಂದು ಮುಖಪುಟ ತೋರಿಸುವ ಶಕ್ತಿ ಅವಕ್ಕಿದೆ. ಪಟ್ಟಣ ಪಂಚಾಯತ್‌ಗೆ ಆ ಶಕ್ತಿಯ ಅಗತ್ಯವಿಲ್ಲ. ಅದರ ಬಹುಪಾಲು ಪುಟಗಳು ತಿಂಗಳುಗಟ್ಟಲೆ ಬದಲಾಗುವುದಿಲ್ಲ. ಅಂಥವನ್ನು ಪ್ರತಿ ಸಲ ದತ್ತಸಂಚಯದಿಂದ ಹೊಸದಾಗಿ ಕಟ್ಟದೆ, ಪ್ರಕಟಿಸುವಾಗಲೇ ಸಿದ್ಧಪುಟವಾಗಿ ಮಾಡಿಟ್ಟರೆ ವೇಗವೂ ಹೆಚ್ಚು, ದಾಳಿಯ ಅಪಾಯವೂ ಕಡಿಮೆ. ಹೆಚ್ಚು ಪ್ರಯೋಜನಕ್ಕೆ ಬರುವುದು ಹೆಡ್‌ಲೆಸ್ ಎಂದು ಕರೆಯುವ ಕ್ರಮ. ಅದರಲ್ಲಿ ತಂತ್ರಾಂಶ ಪುಟವನ್ನು ಕಟ್ಟುವುದಿಲ್ಲ, ಶೀರ್ಷಿಕೆ, ಊರು, ದಿನಾಂಕ, ವಿವರ ಎಂದು ಬಿಡಿಬಿಡಿಯಾಗಿ ವಿಷಯವನ್ನು ಇಟ್ಟುಕೊಳ್ಳುತ್ತದೆ. ಒಮ್ಮೆ ಬರೆದ ಸೂಚನೆ ತಾಣಕ್ಕೂ ಎಸ್‌ಎಂಎಸ್‌ಗೂ ವಾಟ್ಸ್‌ಆ್ಯಪ್‌ಗೂ ಬಿ.ಸಿ.ರೋಡಿನಂಥ ಜನ ಸೇರುವ ಕಡೆಯ ಫಲಕಕ್ಕೂ ಅದದಕ್ಕೆ ತಕ್ಕ ರೂಪದಲ್ಲಿ ಹೋಗುತ್ತದೆ. ಕನ್ನಡ ಮತ್ತು ಇಂಗ್ಲಿಷ್ ಪಾಠಗಳನ್ನು ಒಂದಕ್ಕೊಂದು ಕಟ್ಟಿ, ಒಂದನ್ನು ತಿದ್ದಿ ಇನ್ನೊಂದನ್ನು ಬಿಟ್ಟರೆ ಎಚ್ಚರಿಸುವ ಏರ್ಪಾಡೂ ಇದರಲ್ಲಿ ಸುಲಭ.

ಯಂತ್ರಕ್ಕಿಂತ ಕಷ್ಟದ ಪ್ರಶ್ನೆ ಜನರದ್ದು. ಪಟ್ಟಣ ಪಂಚಾಯತ್‌ನಲ್ಲಿ ಆರೋಗ್ಯ ನಿರೀಕ್ಷಕರಿಗೆ, ಕಂದಾಯ ಸಿಬ್ಬಂದಿಗೆ ಹುದ್ದೆ ಇದೆ, ಜಾಲತಾಣದ ಸಂಪಾದಕನಿಗೆ ಇಲ್ಲ. ಬೇರೆ ಕೆಲಸದ ನಡುವೆ ಯಾರೋ ಕಡತವನ್ನು ಏರಿಸುತ್ತಾರೆ, ಏರಿಸುವುದೇ ಪ್ರಕಟಣೆ ಎನಿಸುತ್ತದೆ. ಒಪ್ಪಿಗೆಯ ಹಂತಗಳನ್ನು ತಂತ್ರಾಂಶದೊಳಗೇ ನಡೆಸುವ ಸೌಲಭ್ಯವಿದ್ದರೂ ಒಪ್ಪಿಗೆ ಕಾಗದದ ಮೇಲೇ ನಡೆಯುತ್ತದೆ. ಡಿಜಿಟಲ್ ಸಹಿಗೆ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ ಮಾನ್ಯತೆ ಇದೆ. ಅಧಿಕಾರಿ ತನ್ನ ಫೋನಿನಲ್ಲೇ ಕರಡು ಓದಿ ಒಪ್ಪಿದ ಕ್ಷಣ ಸೂಚನೆ ಪ್ರಕಟವಾಗುವಂತೆ ಮಾಡಲು ಕಾನೂನಿನ ತಡೆಯಿಲ್ಲ. ತುರ್ತು ಸಂದರ್ಭಕ್ಕಾದರೂ ತಾಲೂಕು ಮಟ್ಟದಲ್ಲಿ ಪ್ರಕಟಿಸುವ ಅಧಿಕಾರ ಒಬ್ಬರ ಹೆಸರಿನಲ್ಲಿ ಇರಬೇಕು, ಅವರಿಲ್ಲದಾಗ ಯಾರು ಎಂಬುದೂ ಗೊತ್ತಿರಬೇಕು.

ಮಲವಂತಿಗೆ ಗ್ರಾಮದ ಎಳನೀರಿನವರು ಬೆಳ್ತಂಗಡಿ ತಾಲೂಕಿನವರೇ ಆದರೂ ಘಟ್ಟದ ಮೇಲಿದ್ದಾರೆ. ದಿಡುಪೆಯ ಕಡೆಯ ನೇರ ದಾರಿ ಕೆಟ್ಟಿರುವಾಗ ಅವರು ತಾಲೂಕು ಕಚೇರಿಗೆ ಬರಬೇಕಾದರೆ ಸಂಸೆ, ಕಳಸ, ಕೊಟ್ಟಿಗೆಹಾರ, ಚಾರ್ಮಾಡಿ ಸುತ್ತಿ ಇಳಿಯಬೇಕು. ಯಾವ ಅರ್ಜಿಗೆ ಯಾವ ದಾಖಲೆ ಬೇಕು, ಅಧಿಕಾರಿ ಇರುವ ದಿನ ಯಾವುದು ಎಂಬ ನಾಲ್ಕು ಸಾಲು ಅಕ್ಷರಗಳಲ್ಲಿ, ಕನ್ನಡದಲ್ಲಿ, ಹಗುರವಾದ ಪುಟದಲ್ಲಿ ಸಿಕ್ಕರೆ ಅವರಿಗೆ ಒಂದು ದಿನದ ಕೂಲಿಯೂ ಬಸ್ಸಿನ ಖರ್ಚೂ ಉಳಿಯುತ್ತದೆ. 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಸೆಕ್ಷನ್ ಕೇಳುವುದೂ ಇದನ್ನೇ. ಯಾರೂ ಅರ್ಜಿ ಹಾಕುವ ಮೊದಲೇ ಮಾಹಿತಿ ಪ್ರಕಟವಾಗಿರಬೇಕು. ಅದನ್ನು ಹಂಚುವಾಗ ಖರ್ಚು, ಸ್ಥಳೀಯ ಭಾಷೆ, ಆ ಪ್ರದೇಶದಲ್ಲಿ ಅತ್ಯಂತ ಪರಿಣಾಮಕಾರಿಯಾದ ವಿಧಾನ ಈ ಮೂರನ್ನೂ ಗಮನಿಸಬೇಕು ಎಂದು ಅದರ 4ನೇ ಉಪಸೆಕ್ಷನ್ ವಿಧಿಸುತ್ತದೆ. ಸ್ಕ್ಯಾನ್ ಮಾಡಿ ಏರಿಸಿದ ಪಿಡಿಎಫ್ ಈ ಮೂರು ಪರೀಕ್ಷೆಗಳಲ್ಲಿ ಒಂದನ್ನೂ ಪೂರ್ತಿಯಾಗಿ ಪಾಸಾಗುವುದಿಲ್ಲ.